ಹಲಗೆಯ ಹಠ

ಸೆಂಟರ್‌ಬೋರ್ಡಿಗೆ ಮಳೆಗಾಲದ ಬಚ್ಚಲುಮನೆ ಬಾಗಿಲಿನ ಬುದ್ಧಿ. ಹಲಸೂರು ಕೆರೆಯ ನಡುವೆ ಗಾಳಿ ಎದ್ದಾಗ ಕೆಳಗಿಳಿಯದು, ದಡ ಹತ್ತಿರ ಬಂದಾಗ ಮೇಲೇರದು.

ಹಾಯಿದೋಣಿಯ ಹೊಟ್ಟೆಯ ಸೀಳಿನಿಂದ ನೀರಿಗಿಳಿಯುವ ಈ ಹಲಗೆ ಇಲ್ಲದಿದ್ದರೆ ದೋಣಿ ಏಡಿಯ ಹಾಗೆ ಅಡ್ಡಡ್ಡ ಸರಿಯುತ್ತದೆ. ಗಾಳಿಗೆ ಎದುರಾಗಿ ಓರೆಯಲ್ಲಿ ಸಾಗುವಾಗ ಪೂರ್ತಿ ಇಳಿಸಬೇಕು. ಗಾಳಿ ಪಕ್ಕದಿಂದ ಬಂದರೆ ಅರ್ಧ. ಬೆನ್ನಿಗೆ ಬಂದರೆ ಕಾಲುಭಾಗ ಮಾತ್ರ ನೀರಲ್ಲಿರಲಿ. ಪೂರ್ತಿ ಇಳಿಸಿಟ್ಟೇ ಹಿಂಗಾಳಿಯಲ್ಲಿ ಹಾಯಿ ಮಗ್ಗುಲು ಬದಲಿಸಿದರೆ, ಹಲಗೆ ನೀರನ್ನು ಕಚ್ಚಿಕೊಂಡು ದೋಣಿಗೆ ಕಾಲು ಅಡ್ಡ ಕೊಟ್ಟು ಕೆಡವುತ್ತದೆ. ಮಗುಚಿದ ದೋಣಿಯನ್ನು ಹಲಗೆಯ ಮೇಲೆ ನಿಂತು ಎತ್ತಬೇಕು. ಪೂರ್ತಿ ಏರಿಸಿಟ್ಟ ಜಾಣರಿಗೆ ಹಿಡಿಯಲು ಏನೂ ಸಿಗದು.

ಸಿಕ್ಕಿಕೊಂಡ ಹಲಗೆಗೆ ಸಾಮಾನ್ಯವಾಗಿ ಕಡಲೆಬೀಜದಷ್ಟು ಒಂದು ಕಲ್ಲು ಕಾರಣ. ದಡದಲ್ಲಿ ದೋಣಿ ಎಳೆದಾಡುವಾಗ ಸೀಳಿಗೆ ಸೇರಿಕೊಂಡಿರುತ್ತದೆ. ಮೇಲಿನಿಂದ ಹಗ್ಗ ಜಗ್ಗಿದಷ್ಟೂ ಬಿಗಿಯುತ್ತದೆ. ದೋಣಿಯನ್ನು ಹಳೇ ಟೈರುಗಳ ಮೇಲೆ ಮಗ್ಗುಲಾಗಿಸಿ, ಕೆಳಗಿನಿಂದ ತೆಳು ಬಿದಿರಿನ ಪಟ್ಟಿ ಹಾಕಿ ಮೀಟಿ. ಸ್ಕ್ರೂಡ್ರೈವರ್ ಹಾಕಿದರೆ ಕಲ್ಲು ಬರುವುದಿಲ್ಲ, ಸೀಳಿನ ಅಂಚಿನ ಫೈಬರ್ ಬರುತ್ತದೆ.

ಕಲ್ಲಿಲ್ಲವೇ? ಹಾಗಾದರೆ ಮರ ನೀರು ಕುಡಿದು ಉಬ್ಬಿದೆ. ಹೊರಮೈಗೆ ಹೊಳೆಯುವ ವಾರ್ನಿಷ್ ಬಳಿದವರು ಹಲಗೆ ತಿರುಗುವ ಬೋಲ್ಟಿನ ತೂತಿನೊಳಗೆ ಬಳಿಯಲು ಮರೆತಿರುತ್ತಾರೆ. ಹಲಗೆಯನ್ನು ನೆರಳಲ್ಲಿ ಚೆನ್ನಾಗಿ ಒಣಗಿಸಿ. ತೂತನ್ನು ದೊಡ್ಡದಾಗಿ ಕೊರೆದು ಗಟ್ಟಿ ಎಪಾಕ್ಸಿ ಅಂಟು ತುಂಬಿ, ಒಂದು ದಿನ ಬಿಟ್ಟು ಬೋಲ್ಟಿನ ಅಳತೆಗೆ ಮತ್ತೆ ಕೊರೆಯಿರಿ. ತೂತು ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೂ ಇದೇ ಮದ್ದು. ಹಲಗೆಯ ಮೈ ಉಜ್ಜಲು 240, ಆಮೇಲೆ 400 ನಂಬರಿನ ವಾಟರ್ ಪೇಪರ್.

ಬೋಲ್ಟಿನ ಬುಡದಲ್ಲಿ ನೀರು ಜಿನುಗಿದರೆ ಸ್ಪ್ಯಾನರ್ ಹಿಡಿದು ಬಿಗಿಯುವುದು ಮನುಷ್ಯ ಸಹಜ. ಆಗ ಕೇಸಿನ, ಅಂದರೆ ಹಲಗೆ ಕೂರುವ ಪೆಟ್ಟಿಗೆಯ, ಎರಡು ಗೋಡೆ ಒಳಕ್ಕೆ ಬಾಗಿ ಹಲಗೆಯನ್ನು ಇಕ್ಕಳದಂತೆ ಹಿಡಿಯುತ್ತವೆ: ಸೋರುವುದು ನಿಂತಿತು, ಹಲಗೆಯೂ ನಿಂತಿತು! ಎರಡೂ ಕಡೆ ಸ್ಟೀಲ್ ವಾಷರಿನಡಿ ಹೊಸ ರಬ್ಬರ್ ವಾಷರ್ ಹಾಕಿ, ರಬ್ಬರ್ ತುಸು ಒತ್ತಿಕೊಳ್ಳುವಷ್ಟೇ ಬಿಗಿಯಿರಿ. ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಿಗೆ ಹೋಗುವಾಗ ಹಳೇ ಬೋಲ್ಟು ಜೇಬಿನಲ್ಲಿರಲಿ. "ಸೆಂಟರ್‌ಬೋರ್ಡ್ ಬೋಲ್ಟು" ಅಂದರೆ "ಕೇರಂ ಬೋರ್ಡಾ ಸಾರ್?" ಅಂತ ಕೇಳಿಯಾರು. ಕೆರೆ ನೀರಿಗೆ 304 ಗ್ರೇಡ್ ಸ್ಟೀಲು ಸಾಕು. ದುಬಾರಿ 316 ಸಮುದ್ರದವರಿಗಿರಲಿ.

ವೇಗ ಹೆಚ್ಚಿದಾಗ ಹಲಗೆ ತಂಬೂರಿಯಂತೆ ಗುಂಯ್‌ಗುಟ್ಟಿದರೆ ಗಾಬರಿ ಬೇಡ. ಹಿಂಬದಿಯ ಅಂಚನ್ನು ಒಂದೇ ಮಗ್ಗುಲಿನಿಂದ ಓರೆಯಾಗಿ ಉಜ್ಜಿದರೆ ಸಾಮಾನ್ಯವಾಗಿ ಅಡಗುತ್ತದೆ. ಸದ್ದಿಲ್ಲದೆಯೇ ದೋಣಿ ಮಂಕಾದರೆ ಹಲಗೆ ಪೂರ್ತಿ ಎತ್ತಿ ಇಳಿಸಿ. ಅಂತರಗಂಗೆಯ ಬೇರೋ, ಯಾರದೋ ಪಾರ್ಸಲ್ ಕವರೋ ಕಳಚಿ ಹಿಂದೆ ತೇಲುತ್ತದೆ. ಕವರಾದರೆ ಎತ್ತಿ ದೋಣಿಯೊಳಗೆ ಹಾಕಿಕೊಳ್ಳಿ. ಬಿಟ್ಟರೆ ಮುಂದಿನ ಸುತ್ತಿಗೂ ಅದೇ ಸಿಗುತ್ತದೆ.