ಗೇರ್‌ಬಾಕ್ಸ್ ಆಯಿಲ್ 93 ಡಿಗ್ರಿ ದಾಟಿದರೆ ಕೆಟ್ಟೇ ಹೋಗುತ್ತಾ?

ಟ್ರೇಲರ್ ಎಳೆಯುವಾಗ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ 93 ಡಿಗ್ರಿ ಸೆಲ್ಸಿಯಸ್, ಅಂದರೆ 200 ಫ್ಯಾರನ್‌ಹೀಟ್ ದಾಟಿದರೆ ಟ್ರಕ್ ನಿಲ್ಲಿಸಲೇಬೇಕು ಎಂಬ ಮೆಸೇಜ್ ಮತ್ತೆ ಮತ್ತೆ ಬರುತ್ತದೆ. ಇದು ತಪ್ಪು. ಈಗಿನ ಬಹಳಷ್ಟು ಟ್ರಕ್‌ಗಳಲ್ಲಿ 80ರಿಂದ 105 ಡಿಗ್ರಿ ಮಾಮೂಲಿ. ಕೆಲವದರಲ್ಲಿ ಥರ್ಮೋಸ್ಟಾಟ್ ಇರುತ್ತದೆ. ಸಾಕಷ್ಟು ಬಿಸಿಯಾಗುವವರೆಗೆ ಅದು ಆಯಿಲನ್ನು ಕೂಲರ್‌ಗೆ ಪೂರ್ತಿ ಬಿಡುವುದೇ ಇಲ್ಲ. ಉದ್ದದ ಏರಿನಲ್ಲಿ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಜಾರುತ್ತಾ ಬಿಸಿ ಹುಟ್ಟಿಸುತ್ತದೆ. ಆಗ ಟೆಂಪರೇಚರ್ ಮೀಟರ್‌ನ ಮುಳ್ಳು ಸ್ವಲ್ಪ ಹೊತ್ತು ಮೇಲೇರುವುದು ಸಹಜ ಅಲ್ವಾ?

ಹಂಚುವವರ ಕಾಳಜಿ ಸುಳ್ಳಲ್ಲ. 120ರ ಆಸುಪಾಸಿನಲ್ಲೇ ತುಂಬಾ ಹೊತ್ತು ನಿಂತರೆ ಆಯಿಲ್ ಬೇಗ ಹಾಳಾಗುತ್ತದೆ.

ಇಂಥ ಅಂಕಿ ಕಂಡಾಗ ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಟ್ರೇಲರ್ ಎಳೆಯುವ ಭಾಗ ಓದಿ. ಬಿಸಿ ಅಳೆಯುವ ಸೆನ್ಸರ್ ಎಲ್ಲಿದೆ ಅಂತಲೂ ನೋಡಿ. ಕನ್ವರ್ಟರ್‌ನಿಂದ ಆಗಷ್ಟೇ ಹೊರಬಂದ ಆಯಿಲ್, ತಳದ ಪ್ಯಾನ್‌ನಲ್ಲಿರುವುದಕ್ಕಿಂತ ಜಾಸ್ತಿ ಬಿಸಿ ಇರುತ್ತದೆ.