ಬಾರದ ಫೋನಿಗೆ ಮುಂಗಡ ಬೇಸರ

ಫೋನ್ ಬಿಡುಗಡೆಗೆ ಇನ್ನೂ ಐದಾರು ತಿಂಗಳಿದೆ. ವಿಜಯಪುರದ ಗಾಂಧಿ ಚೌಕದ ಚಹಾದಂಗಡಿ ಮುಂದೆ ಅದರ ಪಂಚನಾಮೆ ಆಗಲೇ ಮುಗಿದಿದೆ. ಕ್ಯಾಮೆರಾ ಹಳೇದೇ, ಬ್ಯಾಟರಿ ಹಳೇದೇ, ಬಣ್ಣ ಮಾತ್ರ ಹೊಸದು. "ಏನೂ ಇಲ್ರಿ ಅದರಾಗ, ಪೂರ್ತಿ ವೇಸ್ಟ್" ಅಂತ ತೀರ್ಪು ಕೊಟ್ಟ ಹುಡುಗನ ಕೈಯಲ್ಲಿರುವ ಫೋನಿನ ಗಾಜು ಒಡೆದು ಸೆಲೋಟೇಪ್ ಮೇಲೆ ಬದುಕಿದೆ, ಅದರ ಇಎಂಐ ಇನ್ನೂ ನಡೆದಿದೆ, ಅವನು ಬೈಯುತ್ತಿರುವ ಫೋನಿನ ಬೆಲೆ ಅವರಪ್ಪ ಹೊಲಕ್ಕೆ ಹೋಗುವ ಬೈಕಿಗಿಂತ ಜಾಸ್ತಿ. ತಗೊಳ್ಳುವ ವಿಚಾರ ಅವನಿಗಿಲ್ಲ. ಆದರೆ ನಿರಾಶೆ ಆಗುವುದಕ್ಕೆ ತಗೊಳ್ಳಲೇಬೇಕು ಅಂತ ಕಾನೂನು ಇದೆಯಾ?

ನಮ್ಮ ಕಡೆ ಮಳೆ ಬಗ್ಗೆ ಕೂಡ ಜನ ಇಷ್ಟು ಖಾತ್ರಿಯಿಂದ ಮಾತಾಡುವುದಿಲ್ಲ. ಮುಂಗಾರು ಹೇಗಿದೆ ಅಂದರೆ "ನೋಡೂಣ್ರಿ" ಅನ್ನುತ್ತಾರೆ. ಮುಂದಿನ ವರ್ಷದ ಫೋನ್ ಹೇಗಿದೆ ಅಂದರೆ ಚಿಪ್ಪಿನ ಹೆಸರಿನಿಂದ ಹಿಡಿದು ಹೇಳುತ್ತಾರೆ.

ಇದಕ್ಕೆಲ್ಲ ಮೂಲ ಲೀಕ್, ಅಂದರೆ ಬಿಡುಗಡೆಗೆ ಮುಂಚೆಯೇ ಫೋನಿನ ಗುಟ್ಟು ಹೊರಬೀಳುವುದು. ಮೊದಲು ಲೀಕ್ ಅಂದರೆ ಅದಕ್ಕೊಂದು ಘನತೆ ಇತ್ತು. 2010ರಲ್ಲಿ ಆ್ಯಪಲ್‌ನ ಎಂಜಿನಿಯರ್ ಒಬ್ಬ ಇನ್ನೂ ಬಿಡುಗಡೆಯಾಗದ ಐಫೋನ್ 4 ಅನ್ನು ಕ್ಯಾಲಿಫೋರ್ನಿಯಾದ ಬಾರ್ ಒಂದರಲ್ಲಿ ಬಿಟ್ಟು ಹೋದ, ಅದನ್ನು ವೆಬ್‌ಸೈಟಿನವರು ದುಡ್ಡು ಕೊಟ್ಟು ಕೊಂಡು ಜಗತ್ತಿಗೆ ತೋರಿಸಿದರು. ಬಾರ್‌ನಲ್ಲಿ ಸಾಮಾನು ಮರೆಯುವುದು ನಮಗೂ ಅರ್ಥವಾಗುವ ವಿಷಯ. ಆದರೆ 2019ರ ಜೂನ್‌ನಲ್ಲಿ ಗೂಗಲ್ ಕುಡಿಯದೆಯೇ ಈ ಕೆಲಸ ಮಾಡಿತು. ತನ್ನ ಪಿಕ್ಸೆಲ್ 4 ಫೋನಿನ ಚಿತ್ರ ಹೊರಬಿತ್ತು ಅಂತ ಗೊತ್ತಾದ ಮೇಲೆ, ಹಾಗಾದರೆ ನೋಡಿಕೊಳ್ಳಿ ಅನ್ನುವ ಹಾಗೆ ತಾನೇ ಚಿತ್ರ ಹಾಕಿಬಿಟ್ಟಿತು. ಫೋನ್ ಬಂದದ್ದು ಅಕ್ಟೋಬರ್‌ನಲ್ಲಿ.

ಇಲ್ಲಿ ಗೋಳಗುಮ್ಮಟದ ಹೆಸರು ತಗೊಳ್ಳದೆ ವಿಜಯಪುರದವರು ಲೇಖನ ಮುಗಿಸಬಾರದು ಅಂತ ಎಲ್ಲೋ ನಿಯಮ ಇರಬೇಕು. ಆದರೆ ಗುಮ್ಮಟ ಪಾಪ, ಪ್ರಾಮಾಣಿಕ. ಕೂಗಿದ್ದನ್ನೇ ಏಳು ಸಲ ವಾಪಸ್ ಕೊಡುತ್ತದೆ. ಲೀಕ್‌ನವರು ಯಾರೂ ಕೂಗದೇ ಇದ್ದದ್ದನ್ನೂ ಏಳು ಚಾನೆಲ್‌ನಲ್ಲಿ ಕೇಳಿಸುತ್ತಾರೆ, ಆಮೇಲೆ ಮೊದಲು ಹೇಳಿದ್ದು ಯಾರು ಅಂತ ಜಗಳವನ್ನೂ ಆಡುತ್ತಾರೆ.

ಎಲ್ಲಕ್ಕಿಂತ ದೊಡ್ಡ ದುಃಖ ಕ್ಯಾಮೆರಾದ್ದು. ಸ್ಯಾಮ್‌ಸಂಗ್ 2023ರಲ್ಲಿ ಎಸ್23 ಅಲ್ಟ್ರಾಗೆ 200 ಮೆಗಾಪಿಕ್ಸೆಲ್ ಹಾಕಿತು. ಎಸ್24 ಅಲ್ಟ್ರಾಗೂ 200, ಎಸ್25 ಅಲ್ಟ್ರಾಗೂ 200. "ಎಷ್ಟ್ ವರ್ಷ ಅದನ್ನ ಕೊಡ್ತಾರ್ರಿ?" ಅಂತ ಓಣಿಯಲ್ಲಿ ಆಕ್ರೋಶ. ಸುಮ್ನೆ ಬಟನ್ ಒತ್ತಿದರೆ ಆ ಫೋನ್ 16 ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕೆ, ಸೇರಿಸಿ ಒಂದು ಮಾಡಿ 12 ಮೆಗಾಪಿಕ್ಸೆಲ್ ಫೋಟೋ ಕೊಡುತ್ತದೆ, ಕಡಿಮೆ ಬೆಳಕಿನಲ್ಲೂ ಚಿತ್ರ ಚೆನ್ನಾಗಿ ಬರಲಿ ಅಂತ. ಆ 12ರಲ್ಲಿ ನಾವು ಸಿದ್ಧೇಶ್ವರ ಜಾತ್ರೆಯ ಎತ್ತಿನ ಜೋಡಿ ಹಿಡಿದು ವಾಟ್ಸ್ಆ್ಯಪ್‌ಗೆ ಹಾಕುತ್ತೇವೆ, ವಾಟ್ಸ್ಆ್ಯಪ್ ಅದನ್ನು ಇನ್ನಷ್ಟು ಹಿಂಡುತ್ತದೆ, ಸೋದರಮಾವ ಅದರ ಸ್ಕ್ರೀನ್‌ಶಾಟ್ ತೆಗೆದು ಮೇಲೊಂದು ಗುಲಾಬಿ, ಕೆಳಗೊಂದು ಶುಭೋದಯ ಅಂಟಿಸಿ ಮರುದಿನ ನಮಗೇ ವಾಪಸ್ ಕಳಿಸುತ್ತಾರೆ. ಎಚ್‌ಡಿ ಅನ್ನುವ ಬಟನ್ 2023ರಲ್ಲೇ ಬಂದಿದೆ. ಅದನ್ನು ಒತ್ತುವವರನ್ನು ನಾನಂತೂ ನೋಡಿಲ್ಲ. ಇಷ್ಟಾದರೂ ಈ ಸಲ 300 ಯಾಕೆ ಕೊಡುವುದಿಲ್ಲ ಅಂತ ಸಿಟ್ಟು.

ಬ್ಯಾಟರಿ ವಿಷಯದಲ್ಲಿ ಮಾತ್ರ ಸಿಟ್ಟಿಗೆ ಕಾರಣ ಇದೆ. 2020ರ ಎಸ್20 ಅಲ್ಟ್ರಾದಲ್ಲಿ 5000 ಎಂಎಎಚ್. 2025ರ ಎಸ್25 ಅಲ್ಟ್ರಾದಲ್ಲೂ 5000. ಅಷ್ಟರಲ್ಲಿ ಚೀನಾದ ಕಂಪನಿಗಳು ಅಷ್ಟೇ ಜಾಗದಲ್ಲಿ ಜಾಸ್ತಿ ಚಾರ್ಜ್ ಹಿಡಿಯುವ ಸಿಲಿಕಾನ್-ಕಾರ್ಬನ್ ಬ್ಯಾಟರಿ ಹಾಕಿ 6000, 7000 ತುಂಬಿಸಿವೆ. ದೊಡ್ಡ ಕಂಪನಿಗಳು ಏನು ಮಾಡಿದವು? ಫೋನನ್ನು ತೆಳ್ಳಗೆ ಮಾಡಿದವು. 2025ರ ಮೇ ತಿಂಗಳಲ್ಲಿ ಎಸ್25 ಎಡ್ಜ್ ಬಂತು, 5.8 ಮಿಲಿಮೀಟರ್ ದಪ್ಪ, ಬ್ಯಾಟರಿ 3900. ಸೆಪ್ಟೆಂಬರ್‌ನಲ್ಲಿ ಐಫೋನ್ ಏರ್ ಬಂತು, 5.6 ಮಿಲಿಮೀಟರ್, ನಮ್ಮಲ್ಲಿ ಆಗ ಬೆಲೆ 1,19,900 ರೂಪಾಯಿಯಿಂದ ಶುರುವಾಗಿತ್ತು. ಅದರ ಬೆನ್ನಿಗೆ ಅಂಟಿಸಲು ಬೇರೆ ಬ್ಯಾಟರಿಯನ್ನೂ ಆ್ಯಪಲ್‌ನವರೇ ಮಾರಾಟಕ್ಕಿಟ್ಟರು. ಬ್ಯಾಟರಿ ತೆಗೆದದ್ದಕ್ಕೆ ಒಂದು ರೇಟು, ತೆಗೆದ ಬ್ಯಾಟರಿ ವಾಪಸ್ ಕೊಟ್ಟದ್ದಕ್ಕೆ ಇನ್ನೊಂದು ರೇಟು! ಶಾಸ್ತ್ರಿ ಮಾರ್ಕೆಟ್‌ಗೆ ಹೋಗಿ, ಬಿದ್ದರೂ ಒಡೆಯಬಾರದು ಅಂತ ದಪ್ಪನೆಯ ರಬ್ಬರ್ ಕವರ್ ಹಾಕಿಸಿದರೆ ಫೋನ್ ಮತ್ತೆ ಹೋದ ವರ್ಷದ ದಪ್ಪಕ್ಕೇ ಬರುತ್ತದೆ.

ಹಾಗಂತ ಈ ಬೈಗುಳ ಕಂಪನಿಗಳಿಗೆ ತಾಗುತ್ತದೆ ಅಂದುಕೊಳ್ಳಬೇಡಿ. 2016ರಲ್ಲಿ ಆ್ಯಪಲ್‌ನವರು ಐಫೋನ್ 7ರಿಂದ ಇಯರ್‌ಫೋನ್ ಸಿಕ್ಕಿಸುವ ತೂತು ತೆಗೆದು, ಇದು ಧೈರ್ಯದ ಕೆಲಸ ಅಂತ ವೇದಿಕೆ ಮೇಲೆಯೇ ಹೇಳಿದರು. 2020ರಲ್ಲಿ ಪರಿಸರದ ಹೆಸರು ಹೇಳಿ ಐಫೋನ್ 12ರ ಡಬ್ಬಿಯಿಂದ ಚಾರ್ಜರ್ ತೆಗೆದರು. ಸ್ಯಾಮ್‌ಸಂಗ್ ಗೇಲಿ ಮಾಡಿತು, ಮುಂದಿನ ಜನವರಿಯಲ್ಲಿ ಎಸ್21ರ ಡಬ್ಬಿಯಿಂದ ತಾನೂ ತೆಗೆಯಿತು. ಆಗ ಊರೆಲ್ಲ ಬೈದವರು ಈಗ ಚಾರ್ಜರ್ ಬಿಲ್ಲನ್ನು ಬೇರೆ ಕಟ್ಟುತ್ತಾರೆ, ಅಜ್ಜನ ಕಾಲದಿಂದ ನಡೆದು ಬಂದ ಪದ್ಧತಿ ಅನ್ನುವ ಹಾಗೆ.

ಯಾವ ಲೀಕ್‌ನಲ್ಲೂ ಬಾರದ ಸಂಗತಿ ಇನ್ನೊಂದಿದೆ. ಐಫೋನನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಒಳಗಿನ ಜಾಗದಲ್ಲಿ ಬಳಸಿ ಅಂತ ಆ್ಯಪಲ್ ತಾನೇ ಬರೆದಿದೆ. ಬೇಸಿಗೆಯಲ್ಲಿ ನಮ್ಮೂರ ಬಿಸಿಲು 40 ದಾಟುತ್ತದೆ. ನಿಯಮದ ಪ್ರಕಾರ ಏಪ್ರಿಲ್, ಮೇ ಎರಡೂ ತಿಂಗಳು ಫೋನನ್ನು ಮಹಾಬಳೇಶ್ವರಕ್ಕೆ ಕಳಿಸಬೇಕು. ಬಸ್ ಸ್ಟ್ಯಾಂಡ್ ಬಿಸಿಲಲ್ಲಿ ನಿಂತು ಯುಪಿಐ ಮಾಡಲು ಹೋದರೆ ಪರದೆ ತಾನೇ ಮಬ್ಬಾಗುತ್ತದೆ, ಹಣ್ಣಿನ ಗಾಡಿಯ ಅಕ್ಕ "ಚಿಲ್ಲರ ಇಲ್ಲೇನ್ ತಮ್ಮಾ?" ಅನ್ನುತ್ತಾಳೆ. 45 ಡಿಗ್ರಿ ತಡೆಯುವ ಫೋನ್ ಈ ವರ್ಷವಾದರೂ ಬರುತ್ತದಾ ಅಂತ ಯಾರೂ ಊಹೆ ಮಾಡುವುದಿಲ್ಲ. ಊಹೆಯೆಲ್ಲ ಹಿಂದಿನ ಕ್ಯಾಮೆರಾ ಉಬ್ಬು ಅಡ್ಡ ಇರುತ್ತದೋ ಉದ್ದ ಇರುತ್ತದೋ ಅನ್ನುವುದರ ಮೇಲೆ.

ಇನ್ನು ಎಐ. 2024ರ ಜೂನ್‌ನಲ್ಲಿ ಆ್ಯಪಲ್ ಐಫೋನಿನಲ್ಲಿ ಮಾತು ಕೇಳಿ ಕೆಲಸ ಮಾಡುವ ಸಹಾಯಕಿ ಸಿರಿಯ ಹೊಸ ರೂಪ ತೋರಿಸಿತು. ನಿಮ್ಮ ಮೇಲು, ಮೆಸೇಜು ಎಲ್ಲ ತಿಳಿದುಕೊಂಡು ಕೆಲಸ ಮಾಡಿಕೊಡುವ ಜಾಣೆ. ಅದನ್ನು ನಂಬಿ ಸೆಪ್ಟೆಂಬರ್‌ನಲ್ಲಿ ಎಷ್ಟೋ ಜನ ಐಫೋನ್ 16 ಕೊಂಡರು. 2025ರ ಮಾರ್ಚ್‌ನಲ್ಲಿ ಕಂಪನಿ, ಇನ್ನೂ ಟೈಮ್ ಬೇಕು ಅಂದಿತು. ವಿಜಯಪುರಕ್ಕೆ ಇದೇನು ಹೊಸದಲ್ಲ. ಎರಡನೇ ಅಲಿ ಆದಿಲ್‌ಶಾಹ ಭಾರಿ ಗೋರಿ ಕಟ್ಟಿಸಲು ಹೊರಟು 1672ರಲ್ಲಿ ತೀರಿಕೊಂಡ, ಕಮಾನುಗಳಷ್ಟೇ ನಿಂತವು, ಚಾವಣಿ ಮುಂದಿನ ಅಪ್‌ಡೇಟ್‌ನಲ್ಲಿ ಬರಬೇಕಿತ್ತು. ಆದರೆ ಆ ಗೋರಿ, ಬಾರಾ ಕಮಾನ್, ಅರ್ಧಕ್ಕೆ ನಿಂತರೂ ನೋಡಲು ಚಂದ. ಅರ್ಧ ಸಿರಿಯಲ್ಲಿ ನೋಡುವುದಾದರೂ ಏನು? ಚಹಾದಂಗಡಿಯ ಹುಡುಗನಿಗಂತೂ ಈ ತಡದಿಂದ ಭಾರಿ ನೋವಾಗಿದೆ. ಅವನದು ಆಂಡ್ರಾಯ್ಡ್.

ಕೊನೆಗೊಂದು ದಿನ ಫೋನ್ ಬಂದೇ ಬರುತ್ತದೆ. ಎಲ್ಲರಿಗಿಂತ ಜಾಸ್ತಿ ಬೈದವರೇ ಎಲ್ಲರಿಗಿಂತ ಮೊದಲು ಅಂಗಡಿಯಲ್ಲಿರುತ್ತಾರೆ. "ಏನ್ ಮಾಡೂದ್ರಿ ಸಾವಕಾರ್ರ, ಬಣ್ಣಾ ಚಲೋ ಐತಿ." ಒಣದ್ರಾಕ್ಷಿಗೆ ಒಳ್ಳೆ ರೇಟು ಬಂದ ವರ್ಷ ಈ ಬೇಸರ ಇನ್ನೂ ಬೇಗ ಇಳಿಯುತ್ತದೆ. ಆಮೇಲೆ ಹಳೇ ಫೋನಿನ ಎಕ್ಸ್‌ಚೇಂಜ್. ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮುಖ ಕಿವುಚಿ, ಒಂದು ರೇಟು ಹೇಳುತ್ತಾನೆ. ಹೋದ ವರ್ಷ ಪ್ರಪಂಚದಲ್ಲೇ ಶ್ರೇಷ್ಠ ಅಂತ ಇದೇ ಅಂಗಡಿಯಲ್ಲಿ ಮಾರಿದ ಫೋನ್ ಅದು.

ಆ ಕಿವುಚಿದ ಮುಖವನ್ನು ನಮ್ಮೂರು ಮೊದಲೂ ನೋಡಿದೆ. 1854ರಲ್ಲಿ ಬ್ರಿಟಿಷರ ಕಾಲದ ಅಧಿಕಾರಿಗಳು ಮಲಿಕ್-ಎ-ಮೈದಾನ್ ತೋಪನ್ನು ಹರಾಜಿಗಿಟ್ಟಿದ್ದರು. ಸುಮಾರು 55 ಟನ್ ತೂಕ. ಬಂದ ದೊಡ್ಡ ಸವಾಲು 150 ರೂಪಾಯಿ. ತೀರಾ ಕಡಿಮೆ ಆಯಿತು ಅಂತ ಮಾರಾಟವೇ ರದ್ದಾಯಿತು, ಹಾಗಾಗಿ ತೋಪು ಇವತ್ತೂ ಬುರುಜಿನ ಮೇಲೆ ಕೂತಿದೆ. ಈಗಿನ ಎಕ್ಸ್‌ಚೇಂಜ್‌ನವನ ಕೈಗೆ ಸಿಕ್ಕಿದ್ದರೆ ಆ 150 ಕೂಡ ಹುಟ್ಟುತ್ತಿರಲಿಲ್ಲ. "ಡಬ್ಬಿ ಐತೇನ್ರಿ? ಬಿಲ್?" ಅಂತ ಮೊದಲು ಕೇಳುತ್ತಿದ್ದ. ಆಮೇಲೆ ತೋಪಿನ ತುದಿಯ ಸಿಂಹದ ಬಾಯಿಗೆ ಟಾರ್ಚ್ ಬಿಟ್ಟು, "ಬಾಯಾಗ ಆನಿ ಸಿಕ್ಕೊಂಡೈತ್ರಿ ಸರ, ಅದಕ್ಕೊಂದ್ 20 ರೂಪಾಯಿ ಕಟ್ ಆಗ್ತೈತಿ" ಅನ್ನುತ್ತಿದ್ದ.