ಹಿಂದಕ್ಕೆ ಒರಗಿದ ಊರು

ಆ ಪಟ್ಟಿ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ವೀಕೆಂಡಿಗೆ ಹೋಗಲೇಬೇಕಾದ ಲೇಯ್ಡ್‌ಬ್ಯಾಕ್ ಸರ್ಫ್ ಊರುಗಳು. ಸರ್ಫ್ ಅಂದರೆ ಹಲಗೆ ಮೇಲೆ ನಿಂತು ಕಡಲ ಅಲೆ ಸವಾರಿ ಮಾಡುವ ಆಟ. ಆ ಪಟ್ಟಿಯಲ್ಲಿ ಮಂಗಳೂರು ಹತ್ತಿರದ ನಮ್ಮ ಮೂಲ್ಕಿಯ ಹೆಸರು ಕಂಡು ಮೊದಲು ಖುಷಿಯಾಯಿತು, ಆಮೇಲೆ ಸಂಶಯ ಬಂತು. ಲೇಯ್ಡ್‌ಬ್ಯಾಕ್ ಅಂದರೆ ಹಿಂದಕ್ಕೆ ಒರಗಿದ್ದು ಅಂತ ತಾನೇ? ಹುಟ್ಟಿದಾಗಿನಿಂದ ನೋಡಿದ್ದೇನೆ, ನಮ್ಮೂರು ಒರಗಿ ಕೂತದ್ದನ್ನು ಒಮ್ಮೆಯೂ ಕಂಡಿಲ್ಲ. ಒರಗಲಿಕ್ಕೆ ಜಾಗವಾದರೂ ಎಲ್ಲಿದೆ? ಮುಂದೆ ಕಡಲು, ಬೆನ್ನಿಗೆ ಹೈವೇ. ಒರಗಿದರೆ ಲಾರಿ ಹತ್ತುತ್ತದೆ.

ಇದೇ ಗುಣ ನನ್ನಲ್ಲಿ ಕಂಡಾಗ ಅಪ್ಪ ಬೇರೆ ಶಬ್ದ ಬಳಸುತ್ತಿದ್ದರು. ಸೋಮಾರಿ. ಮನುಷ್ಯನಿಗಾದರೆ ಬೈಗುಳ, ಊರಿಗಾದರೆ ಜಾಹೀರಾತು.

ಅಷ್ಟಕ್ಕೂ ಯಾರನ್ನು ಒರಗಿದವರು ಅನ್ನುತ್ತಿದ್ದಾರೆ? ಈ ಕರಾವಳಿಯ ಜನ 1906ನೇ ಇಸವಿಯೊಂದರಲ್ಲೇ ಎರಡು ಬ್ಯಾಂಕು ತೆರೆದವರು. ಉಡುಪಿಯಲ್ಲಿ ಕಾರ್ಪೊರೇಶನ್, ಮಂಗಳೂರಿನಲ್ಲಿ ಕೆನರಾ. ಆಮೇಲೆ 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಬೇರೆ ಕಡೆ ಬೇಜಾರಾದರೆ ಜನ ಇಸ್ಪೀಟು ಆಡುತ್ತಾರೆ, ಇಲ್ಲಿ ಬ್ಯಾಂಕು ತೆರೆಯುತ್ತಿದ್ದರು. ಸಣ್ಣಪುಟ್ಟ ಬ್ಯಾಂಕುಗಳನ್ನು ಒಂದೊಂದಾಗಿ ಸೇರಿಸಿಕೊಂಡು ವಿಜಯಾ ಬ್ಯಾಂಕನ್ನು ಬೆಳೆಸಿದ ಸುಂದರ್ ರಾಮ್ ಶೆಟ್ಟರ ಹೆಸರಿನ ಮೊದಲಿಗೆ ಮೂಲ್ಕಿ ಅಂತಲೇ ಇತ್ತು. 2019ರಲ್ಲಿ ಆ ಬ್ಯಾಂಕನ್ನೇ ಬ್ಯಾಂಕ್ ಆಫ್ ಬರೋಡಾದೊಳಗೆ ಹಾಕಿದರು. ಮರುವರ್ಷ ಕಾರ್ಪೊರೇಶನ್ ಹೋಯಿತು, ಸಿಂಡಿಕೇಟ್ ಹೋಯಿತು. ನಮ್ಮ ದೊಡ್ಡಮ್ಮ ಮಾತ್ರ ಈಗಲೂ ಚೀಲ ಹಿಡಿದು "ವಿಜಯಾ ಬ್ಯಾಂಕಿಗೆ ಹೋಗಿ ಬರ್ತೇನೆ" ಅನ್ನುತ್ತಾರೆ. ತಿದ್ದಲು ಹೋದವರಿಗೆ ಚಹಾ ಸಿಗುವುದಿಲ್ಲ.

ಬ್ಯಾಂಕಿನ ಕಥೆ ಬೇಡ, ಕಡಲಿಗೆ ಬರೋಣ.

ಪಟ್ಟಿ ನೋಡಿ ಆಫೀಸಿನ ನಾಲ್ವರು ಹೊರಟೇಬಿಟ್ಟರು. "ನಿಮ್ಮೂರಲ್ವಾ, ನೀವೂ ಬನ್ನಿ" ಎಂದು ನನ್ನನ್ನೂ ಎಳೆದರು. ಶುಕ್ರವಾರ ರಾತ್ರಿಯ ಬಸ್ಸು. ಮಂಗಳವಾರ ಒಂದು ರೇಟು ಇರುವ ಸೀಟಿಗೆ ಶುಕ್ರವಾರ ಅದರ ದುಪ್ಪಟ್ಟು. ಬಸ್ಸು ಅದೇ, ಕಂಬಳಿ ಅದೇ, ಕಂಬಳಿಯ ವಾಸನೆಯೂ ಅದೇ. ಶಿರಾಡಿ ಘಾಟಿಯಲ್ಲಿ ಮುಂದೆಲ್ಲೋ ಟ್ಯಾಂಕರ್ ಕೆಟ್ಟಿತ್ತು. ಎರಡು ಗಂಟೆ ನಿಂತೆವು. ಈ ಘಾಟಿಗೆ ಕಾಂಕ್ರೀಟ್ ಹಾಕುತ್ತೇವೆ ಅಂತ 2015ರಲ್ಲಿ ತಿಂಗಳುಗಟ್ಟಲೆ ಮುಚ್ಚಿದ್ದರು. ಬಾಕಿ ಉಳಿದದ್ದಕ್ಕೆ ಹಾಕುತ್ತೇವೆ ಅಂತ 2018ರಲ್ಲಿ ಮತ್ತೆ ಮುಚ್ಚಿದರು. ಈಗ ಮಳೆಗಾಲದಲ್ಲಿ ಗುಡ್ಡವೇ ಬಂದು ಮುಚ್ಚುತ್ತದೆ. ಯಾರಿಗೂ ಆ ಶ್ರಮವೂ ಇಲ್ಲ.

ನನ್ನನ್ನು ಕೇಳಿದರೆ ಕರಾವಳಿಯಲ್ಲಿ ನಿಜವಾಗಿ ಆರಾಮವಾಗಿರುವುದು ರಸ್ತೆ ಕೆಲಸ ಒಂದೇ. ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ನೆನಪಿದೆ ಅಲ್ವಾ? ಒಂದು ಕಿಲೋಮೀಟರೂ ಇಲ್ಲದ್ದನ್ನು ಕಟ್ಟಲು ಹತ್ತು ವರ್ಷ ತೆಗೆದುಕೊಂಡು, 2020ರ ಜನವರಿಯ ಕೊನೆಯ ದಿನ ಉದ್ಘಾಟನೆ ಮಾಡಿದರು. ಅದು ಶುರುವಾದಾಗ ಅಂಗನವಾಡಿಗೆ ಹೋಗುತ್ತಿದ್ದ ಮಗು ಮುಗಿಯುವಾಗ ಹೈಸ್ಕೂಲಿನಲ್ಲಿತ್ತು. ಅವಸರ ಇಲ್ಲ, ಟೆನ್ಷನ್ ಇಲ್ಲ. ಲೇಯ್ಡ್‌ಬ್ಯಾಕ್ ಅಂದರೆ ಅದು. ಪಟ್ಟಿ ಮಾಡುವವರು ಮೊದಲ ಸ್ಥಾನ ಅದಕ್ಕೆ ಕೊಡಬೇಕಿತ್ತು.

ಶನಿವಾರ ಬೆಳಿಗ್ಗೆ ಆರೂವರೆಗೆ ಬೀಚು. ನಮ್ಮವರ ಕಣ್ಣು ಇನ್ನೂ ಪೂರ್ತಿ ತೆರೆದಿರಲಿಲ್ಲ. ಮರಳಿನ ಮೇಲೆ ಹತ್ತಿಪ್ಪತ್ತು ಜನ ಕೈರಂಪಣಿ ಎಳೆಯುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳುವುದಾದರೆ, ದೋಣಿಯಲ್ಲಿ ಹೋಗಿ ಬಲೆಯನ್ನು ಕಡಲಲ್ಲಿ ಅರ್ಧ ಸುತ್ತು ಬಿಟ್ಟು ಬಂದು, ಎರಡೂ ತುದಿಯ ಹಗ್ಗವನ್ನು ದಡದಿಂದ ಎಳೆಯುವುದು. ಹಿಮ್ಮಡಿ ಮರಳಲ್ಲಿ ಹೂತು, ಬೆನ್ನು ಹಿಂದಕ್ಕೆ ಬಾಗಿಸಿ, ಇಂಚಿಂಚಾಗಿ ಹಿಂದೆ ಸರಿಯಬೇಕು. ಹಾಂ, ಆಗ ನೋಡಿದೆ. ಹಿಂದಕ್ಕೆ ಒರಗಿದ ಜನ ಅಂದರೆ ಇವರೇ ಇರಬೇಕು. ಪಟ್ಟಿಯವರು ದೂರದಿಂದ ಫೋಟೊ ನೋಡಿ ಬರೆದಿರುತ್ತಾರೆ.

ಬಲೆ ದಡಕ್ಕೆ ಬಂದಾಗ ಒಂದಿಷ್ಟು ಬೂತಾಯಿ, ನಾಲ್ಕು ಬಂಗುಡೆ, ಉಳಿದದ್ದೆಲ್ಲ ಪ್ಲಾಸ್ಟಿಕ್ಕು. ನಮ್ಮ ಟೀಮ್ ಲೀಡ್ ಫೋನು ಎತ್ತಿ ಹಿಡಿದು, "ಅಣ್ಣಾ, ಇನ್ನೊಂದು ಸಲ ಎಳೀತೀರಾ? ರೀಲಿಗೆ ಬೇಕಿತ್ತು" ಎಂದ. ಹಗ್ಗ ಸುತ್ತುತ್ತಿದ್ದ ಹಿರಿಯರು ತಲೆ ಎತ್ತಿ ಅವನನ್ನು ಒಂದು ನಿಮಿಷ ನೋಡಿದರು. ಏನೂ ಹೇಳಲಿಲ್ಲ. ಹಗ್ಗದ ತುದಿಯನ್ನು ಅವನ ಕೈಗೆ ಕೊಟ್ಟು ಬೀಡಿ ಹಚ್ಚಿದರು.

ಆಮೇಲೆ ನಮ್ಮ ಸರ್ಫಿಂಗ್ ಪಾಠ. ಎಂಟಡಿಯ ಮೆತ್ತಗಿನ ಹಲಗೆ, ಕರುವನ್ನು ಕಟ್ಟಿದ ಹಾಗೆ ಕಾಲಿಗೊಂದು ಹಗ್ಗ. ಮೊದಲು ಅರ್ಧ ಗಂಟೆ ಮರಳಿನ ಮೇಲೆಯೇ ಕವುಚಿ ಮಲಗುವುದು, ಗಾಳಿಯಲ್ಲಿ ಈಜುವುದು, ಚಂಗನೆ ಏಳುವುದು. ಒಂದೂವರೆ ಗಂಟೆಗೆ ಎರಡು ಸಾವಿರ ಚಿಲ್ಲರೆ ಕೊಟ್ಟು ಒಣ ಮರಳಲ್ಲಿ ಈಜುತ್ತಿರುವಾಗ ಪಕ್ಕದಲ್ಲಿ ಎರಡು ನಾಯಿಗಳು ಕೂತು ನೋಡುತ್ತಿದ್ದವು. ಕಲಿಸುವ ಹುಡುಗ ಇಲ್ಲಿಯವನೇ, ಮೀನುಗಾರರ ಮನೆಯವನು. "ಸರ್, ಅಲೆ ಬರ್ತಾ ಉಂಟು. ಕೆಳಗೆ ನೋಡ್ಬೇಡಿ, ಎದುರು ನೋಡಿ. ಏಳಿ ಏಳಿ ಏಳಿ!" ನಾನು ಎದ್ದೆ. ಹಲಗೆ ಮುಂದೆ ಹೋಯಿತು, ನಾನು ಅಲ್ಲೇ ಉಳಿದೆ. ಮೂಗಿನಲ್ಲಿ ಹೋದ ಉಪ್ಪುನೀರು ಭಾನುವಾರ ಮಧ್ಯಾಹ್ನ ಊಟಕ್ಕೆ ಬಗ್ಗಿದಾಗ ತಟ್ಟೆಯ ಮೇಲೆ ಬಂತು.

ಈ ಆಟ ನಮ್ಮೂರಿಗೆ ಬಂದ ಕಥೆಯೂ ಚೆನ್ನಾಗಿದೆ. ತಂದವರು ಅಮೆರಿಕದಿಂದ ಬಂದ ಒಬ್ಬ ವೈಷ್ಣವ ಸ್ವಾಮಿ. ಶಾಂಭವಿ ಹೊಳೆಯ ಬದಿಯಲ್ಲಿ ಆಶ್ರಮ ಮಾಡಿ, ಜಪ ಮುಗಿದ ಮೇಲೆ ಹಲಗೆ ಹಿಡಿದು ಕಡಲಿಗೆ ಇಳಿಯುತ್ತಿದ್ದರು. ಸರ್ಫಿಂಗ್ ಸ್ವಾಮಿ ಎಂದೇ ಹೆಸರಾಯಿತು. ನಮ್ಮವರು ಆಶ್ಚರ್ಯಪಡಲಿಲ್ಲ. ಹಲಗೆ ಮೇಲೆ ನಿಂತು ನೀರಲ್ಲಿ ಹೋಗುವುದು ಇಲ್ಲಿ ಹೊಸದೇ? ಕಂಬಳದಲ್ಲಿ ಕನೆಹಲಗೆ ನೋಡಿ. ಎರಡು ತೂತಿರುವ ಮರದ ಹಲಗೆ, ಮುಂದೆ ಎರಡು ಕೋಣ, ಮೇಲೆ ಒಬ್ಬ ಮನುಷ್ಯ. ತೂತಿನಿಂದ ಚಿಮ್ಮಿದ ನೀರು ಏಳೂವರೆ ಕೋಲು ಎತ್ತರದ ನಿಶಾನೆಗೆ ತಾಗಬೇಕು. ಅಲೆಗೆ ಕಾಯುವುದಿಲ್ಲ, ಅಲೆಯನ್ನು ಕೋಣವೇ ಎಬ್ಬಿಸುತ್ತದೆ. ಇದಕ್ಕೆ ಕೋರ್ಟು ಕಚೇರಿ ಅಲೆದದ್ದು ಎಷ್ಟು ವರ್ಷ! ಸರ್ಫಿಂಗ್ ನೋಡಿ, ಟೋಕಿಯೊದಿಂದೀಚೆಗೆ ಒಲಿಂಪಿಕ್ಸಿನಲ್ಲೇ ಕೂತಿದೆ. ಕಡಲಿಗೆ ಹಿಂಸೆಯಾಗುತ್ತದೆ ಅಂತ ಯಾರೂ ಕೇಸು ಹಾಕಲಿಲ್ಲ ನೋಡಿ.

ಇಲ್ಲಿಂದ ಸ್ವಲ್ಪ ಉತ್ತರಕ್ಕೆ ಪಡುಬಿದ್ರಿ. ಅಲ್ಲಿಯ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು, ಶುದ್ಧ ಬೀಚು ಅಂತ ಕೊಡುವ ನೀಲಿ ಬಾವುಟ. ಕೊಡುವ ಸಂಸ್ಥೆ ಡೆನ್ಮಾರ್ಕಿನದು. ನಮ್ಮ ಕಡಲು ಶುದ್ಧ ಎಂದು ಕೋಪನ್‌ಹೇಗನ್‌ನವರು ಹೇಳಬೇಕು. ಬಂಗುಡೆಗೆ ಮೊದಲೇ ಗೊತ್ತಿತ್ತು, ಅದನ್ನು ಯಾರೂ ಕೇಳಲಿಲ್ಲ. ಇರಲಿ, ಬಾವುಟದ ಪುಣ್ಯಕ್ಕೆ ಅಲ್ಲಿ ಶೌಚಾಲಯವಾದರೂ ಇದೆ. ನಾವು ಹೋದ ಇನ್ನೊಂದು ಬೀಚಿನಲ್ಲಿ ಶೌಚಾಲಯಕ್ಕೆ ಬೀಗ ಇತ್ತು. ಬೀಗದ ಕೈ ಇರುವವರು ಊಟಕ್ಕೆ ಹೋಗಿದ್ದರು. ಬೆಳಿಗ್ಗೆ ಒಂಬತ್ತಕ್ಕೆ.

ಅದೇ ಬೀಚಿನಲ್ಲಿ ತೀರದುದ್ದಕ್ಕೂ ಕರಿಕಲ್ಲು. ಮಳೆಗಾಲದಲ್ಲಿ ಕಡಲು ತೆಂಗಿನ ತೋಟ ತಿನ್ನುತ್ತದೆ, ರಸ್ತೆ ತಿನ್ನುತ್ತದೆ, ಮನೆಯ ಅಡಿಪಾಯ ತಿನ್ನುತ್ತದೆ. ಆಗ ಸಚಿವರು ಕೊಡೆ ಹಿಡಿದು ಬರುತ್ತಾರೆ. ಟಿಪ್ಪರ್ ತುಂಬ ಕಲ್ಲು ತಂದು ಸುರಿಯುತ್ತಾರೆ. ಮರುವರ್ಷ ಕಡಲು ಕಲ್ಲನ್ನೂ ತಿನ್ನುತ್ತದೆ. ಎಷ್ಟು ಕಲ್ಲು ಹಾಕಿದ್ದೆವು ಎಂದು ಲೆಕ್ಕ ಹಾಕಲು ಕಡಲೊಳಗೆ ಇಳಿಯುವವರು ಯಾರು? ಗುತ್ತಿಗೆ ಅಂದರೆ ಹೀಗಿರಬೇಕು. ಸಾಕ್ಷಿ ತಾನಾಗಿ ಮುಳುಗುತ್ತದೆ.

2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ಕು ಹೆಣ್ಣುಮಕ್ಕಳು ಮುಳುಗಿ ಸತ್ತರು. ಆಮೇಲೆ ಬೀಚು ಮುಚ್ಚಿದರು. ಎಲ್ಲವೂ ಆಮೇಲೆ. ಕಡಲನ್ನೇ ನೋಡದ ಊರಿನ ಮಕ್ಕಳಿಗೆ ಎಲ್ಲಿ ಇಳಿಯಬಾರದು ಅಂತ ಹೇಳಲು ಒಂದು ಹಗ್ಗ, ಒಂದು ಸೀಟಿ, ನೀರು ಬಲ್ಲ ಎರಡು ಹುಡುಗರು ಸಾಕು. ಅಂಥ ಹುಡುಗರು ಈ ಕರಾವಳಿಯಲ್ಲಿ ಮನೆಗೊಬ್ಬರಂತೆ ಇದ್ದಾರೆ. ಅವರಿಗೆ ವರ್ಷವಿಡೀ ಸಂಬಳ ಕೊಡಲು ದುಡ್ಡಿಲ್ಲ. ಉತ್ಸವಕ್ಕೆ ಸ್ಟೇಜು, ಲೈಟು, ಬಲೂನು, ಸಚಿವರ ಆಳೆತ್ತರದ ಫ್ಲೆಕ್ಸು, ಇದಕ್ಕೆಲ್ಲ ಇದೆ. ಬರೆದು ಬರೆದು ಸಾಕಾಗಿದೆ.

ಭಾನುವಾರ ಮಧ್ಯಾಹ್ನ ಎಲ್ಲರನ್ನೂ ದೊಡ್ಡಮ್ಮನ ಮನೆಗೆ ಊಟಕ್ಕೆ ಕರೆದುಕೊಂಡು ಹೋದೆ. ನನ್ನ ಮೊಣಕೈ ತರಚಿದ್ದನ್ನು ಕಂಡು ಅವರು ತುಳುವಿನಲ್ಲಿ ಬೈದರು. ಕನ್ನಡಕ್ಕೆ ತಂದರೆ ಅರ್ಧ ಖಾರ ಇಳಿಯುತ್ತದೆ, ಆದರೂ ಕೇಳಿ. "ಕಡಲಿಗೆ ಎಂತಕ್ಕೆ ಹೋದದ್ದು? ಮನೆಯಲ್ಲಿ ಬಾವಿ ಇಲ್ವಾ? ಉಪ್ಪುನೀರೇ ಬೇಕಾದರೆ ಏಪ್ರಿಲಿನಲ್ಲಿ ಬಾ, ಬಾವಿಯಲ್ಲೇ ಬರ್ತದೆ." ಚಿಕ್ಕವನಿದ್ದಾಗ ಕಡಲ ಹತ್ತಿರ ಕಂಡರೆ ಇದೇ ದೊಡ್ಡಮ್ಮ ಕೋಲು ಹಿಡಿದು ಬರುತ್ತಿದ್ದರು. ಈಗ ಕೋಲು ಊರುಗೋಲಾಗಿದೆ. ಹಾಗಾಗಿ ಬಚಾವಾದೆ.

ನೀರ್ದೋಸೆ, ಬಂಗುಡೆ ಪುಳಿಮುಂಚಿ. ಟೀಮ್ ಲೀಡ್ ಒಂಬತ್ತನೇ ದೋಸೆ ತಿನ್ನುತ್ತಾ, "ಆಂಟಿ, ಇಲ್ಲಿ ಲೈಫ್ ಎಷ್ಟು ಆರಾಮ ಅಲ್ವಾ?" ಎಂದ. ದೊಡ್ಡಮ್ಮ ಬೆಳಗಿನ ನಾಲ್ಕಕ್ಕೆ ಎದ್ದು ಅಕ್ಕಿ ಕಡೆದಿದ್ದರು. ಅವನ ತಟ್ಟೆಗೆ ಹತ್ತನೆಯದನ್ನು ಹಾಕಿ ನನ್ನ ಕಡೆ ತಿರುಗಿದರು.

"ಆ ಹಲಗೆಗೆ ಎಷ್ಟು ತಗೊಂಡ ಅಂದಿ?"

ಹೇಳಿದೆ. ಸೌಟು ಹಿಡಿದುಕೊಂಡೇ ಸ್ವಲ್ಪ ಹೊತ್ತು ಯೋಚಿಸಿದರು.

"ಅಟ್ಟದಲ್ಲಿ ಹಳೇ ಬಾಗಿಲಿನ ಹಲಗೆ ಎರಡುಂಟು. ಹಲಸಿನ ಮರದ್ದು. ಆ ಹುಡುಗನಿಗೆ ಬೇಕಾ ಅಂತ ಒಮ್ಮೆ ಕೇಳು."